ಮೇಲರ್ಧದ ಕಪ್ಪು

ಹಾಸ್ಟೆಲ್, ಕೋಣೆ ಹದಿನಾಲ್ಕು
ಡಿಸೆಂಬರ್ ನಾಲ್ಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಫೋನಿನಲ್ಲೂ "ಕ್ಲಾಸಿದೆ, ಆಮೇಲೆ ಮಾಡ್ತೀನಿ" ಎಂದು ನಾಲ್ಕು ಸಲ ಇಟ್ಟುಬಿಟ್ಟೆ. ಕ್ಲಾಸು ಇರಲಿಲ್ಲ. ಯಾಕೆಂದು ಹೇಳುತ್ತೇನೆ, ಆದರೆ ನೀನು ಗಾಬರಿಯಾಗುವ ಮೊದಲೇ ಒಂದು ಮಾತು: ನಾನು ಚೆನ್ನಾಗಿದ್ದೇನೆ, ನನ್ನ ಕಣ್ಣುಗಳೂ ಚೆನ್ನಾಗಿವೆ. ಈ ಸಾಲನ್ನು ಬೇಕಾದರೆ ಎರಡು ಸಲ ಓದಿಕೋ.

ಇಲ್ಲಿ ಚಳಿ ಹೇಳದೆ ಕೇಳದೆ ಬಂದುಬಿಟ್ಟಿತು. ಹೋದ ತಿಂಗಳು ಕಿಟಕಿ ತೆಗೆದು ಮಲಗುತ್ತಿದ್ದವರು ಈಗ ಅದರ ಸಂದಿಗೆ ಹಳೆಯ ನೋಟ್ಸು ತುರುಕಿದ್ದೇವೆ. ಸಂಜೆ ಆರಕ್ಕೆಲ್ಲ ಕತ್ತಲು. ನನ್ನ ರೂಮ್‌ಮೇಟ್ ಹೊದ್ದ ಶಾಲನ್ನು ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುವುದು, ಅದಕ್ಕೇ ಕಾಲೇಜಿಗೆಲ್ಲ ಅವಳ ಅಡ್ಡಹೆಸರು ಕಂಬಳಿ. ನೀನು ಹೆಣೆದು ಕಳಿಸಿದ ಟೋಪಿ ಬಂದದ್ದೂ ಚಳಿ ಶುರುವಾದ ವಾರವೇ. ಬೆಚ್ಚಗಿದೆ, ಆದರೆ ಅಮ್ಮಾ, ನನ್ನ ತಲೆ ಏನು ಕುಂಬಳಕಾಯಿಯೇ? ಹಾಕಿಕೊಂಡರೆ ಹುಬ್ಬು ದಾಟಿ ಇಳಿಯುತ್ತದೆ. ಆದರೂ ಹಾಕಿಕೊಂಡೇ ಇದ್ದೆ.

ನಮ್ಮ ಕೋರ್ಸಿನಲ್ಲಿ ರೋಗಿಗಳನ್ನು ಮುಟ್ಟುವ ಮೊದಲು ನಾವು ನಾವೇ ಒಬ್ಬರ ಕಣ್ಣು ಒಬ್ಬರು ಪರೀಕ್ಷೆ ಮಾಡಬೇಕು. ನಿನಗೂ ಆಸ್ಪತ್ರೆಯಲ್ಲಿ ಮಾಡಿದ್ದರಲ್ಲ, ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ನಟ್ಟ ನಡುವಿನ ಚುಕ್ಕೆಯನ್ನೇ ನೋಡುತ್ತ, ಸುತ್ತ ಎಲ್ಲಿ ಬೆಳಕು ಮಿಣುಕಿದರೂ ಗುಂಡಿ ಒತ್ತುವುದು? ಅದೇ. ಆ ಕತ್ತಲೆ ಕೋಣೆಯ ಹೀಟರ್ ಕೆಟ್ಟು ಕೂತಿತ್ತು. ಕಂಬಳಿ ಯಂತ್ರ ನಡೆಸಿದಳು, ನಾನು ಗುಂಡಿ ಒತ್ತಿದೆ. ಕೊನೆಗೆ ಹಾಳೆ ಹೊರಬಂತು. ಎರಡೂ ಕಣ್ಣಿನ ಚಿತ್ರದಲ್ಲಿ ಮೇಲರ್ಧ ಕಪ್ಪು, ಅಂದರೆ ಅಲ್ಲಿ ಮಿಣುಕಿದ ಬೆಳಕು ನನಗೆ ಕಂಡೇ ಇಲ್ಲ.

ನಿನ್ನ ಮೊದಲ ರಿಪೋರ್ಟಿನಲ್ಲೂ ಅಂಚಿನ ಸುತ್ತ ಕಪ್ಪಿತ್ತು, ಮೇಲುಗಡೆಯೇ ಹೆಚ್ಚು. ನೀನು ಪ್ರತಿ ಕಾಗದದ ಕೊನೆಗೂ "ನನ್ನ ಕಣ್ಣಿನ ಕಾಯಿಲೆ ನಿನಗೆ ಬಾರದಿರಲಿ, ಒಮ್ಮೆ ತೋರಿಸಿಕೋ" ಎಂದು ಬರೆಯುತ್ತೀಯ, ನಾನು ಪ್ರತಿ ಸಲವೂ ಹಾರಿಸುತ್ತಿದ್ದೆ. ಈಗ ಏನೆಂದು ಬರೆಯಲಿ? ಹಾಳೆಯನ್ನು ಮಡಚಿ ಪುಸ್ತಕದೊಳಗಿಟ್ಟೆ. ಕಂಬಳಿಗೆ "ಮೇಡಂಗೆ ನಾನೇ ಕೊಡ್ತೀನಿ" ಎಂದೆ. ಕೊಡಲಿಲ್ಲ.

ಒಂಬತ್ತು ದಿನ, ಅಮ್ಮ. ಓದುತ್ತಿರುವುದೇ ಕಣ್ಣಿನ ಶಾಸ್ತ್ರವಾದ್ದರಿಂದ ಹೆದರಿಕೊಳ್ಳಲು ಬೇಕಾದ ಸಾಮಾನೆಲ್ಲ ಪುಸ್ತಕದಲ್ಲೇ ಇತ್ತು. ಸಂಜೆ ಬೀದಿದೀಪ ಮಂಕಾಗಿದ್ದರೂ ಅದು ನನ್ನ ಕಣ್ಣಿನದೇ ತಪ್ಪು ಅನಿಸುತ್ತಿತ್ತು. ಲೈಬ್ರರಿಯಿಂದ ಬರುವಾಗ ಸೈಕಲ್ಲಿನವನೊಬ್ಬನಿಗೆ ಅಡ್ಡ ಹೋದೆ. "ನೋಡ್ಕೊಂಡು ನಡೀರಿ" ಎಂದ, ನನಗೆ ಅಲ್ಲೇ ಅಳು ಬಂತು. ಆಮೇಲೆ ಕತ್ತಲಾದ ಮೇಲೆ ಕಂಬಳಿಯ ಮೊಣಕೈ ಹಿಡಿದೇ ನಡೆದೆ. ಚಳಿ ಎಂದು ಸುಳ್ಳು ಹೇಳಿದೆ. ಅವಳು ಶಾಲಿನ ಅರ್ಧ ನನಗೂ ಹೊದಿಸಿದಳು.

ಮೊನ್ನೆ ಮಂಗಳವಾರ ಮೇಡಂ ರೆಕಾರ್ಡ್ ಪುಸ್ತಕ ನೋಡುವಾಗ ನನ್ನದರಲ್ಲಿ ಹಾಳೆ ಇಲ್ಲದ್ದು ಕಂಡುಹಿಡಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ, ತೆಗೆದುಕೊಟ್ಟೆ. ಮೇಡಂ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅವತ್ತು ತಲೆ ಮೇಲೆ ಏನಿತ್ತು?"

"ಟೋಪಿ, ಮೇಡಂ. ಅಮ್ಮ ಹೆಣೆದದ್ದು."

"ಈಗ ಹಾಕ್ಕೊಂಡಿದೀಯಲ್ಲ, ಇದೇನಾ? ಕಣ್ಣಿನ ಮೇಲೆ ಛಾವಣಿ ಕಟ್ಕೊಂಡು ಕೂತ್ರೆ ಮೇಲಿನ ಬೆಳಕು ಹೇಗೆ ಕಾಣುತ್ತೆ ಮಹರಾಯ್ತಿ? ಎರಡೂ ಕಣ್ಣಲ್ಲಿ ಅಂಗಡಿ ಶಟರ್ ಅರ್ಧ ಎಳೆದ ಹಾಗೆ ನೆಟ್ಟಗಿದೆ. ಕಾಯಿಲೆ ಇಷ್ಟು ಅಚ್ಚುಕಟ್ಟಾಗಿ ಬರಲ್ಲ. ತೆಗಿ ಅದನ್ನ, ಬಾ."

ಮೇಡಮ್ಮೇ ಕೂತು ಮತ್ತೆ ಪರೀಕ್ಷೆ ಮಾಡಿದರು. ಹಾಳೆ ತಿಳಿಯಾಗಿ ಬಂತು. ಕಣ್ಣಿನ ಒತ್ತಡ, ಹಿಂದಿನ ನರ, ಎಲ್ಲ ನೋಡಿದರು. ನಿನ್ನ ಕಾಯಿಲೆಯ ಬಗ್ಗೆ, ಮನೆಯಲ್ಲಿ ಯಾರ್ಯಾರಿದ್ದೀರೆಂದು ಕೇಳಿದರು. "ಏನೂ ಇಲ್ಲ. ವರ್ಷಕ್ಕೊಮ್ಮೆ ತೋರಿಸ್ತಿರು, ಅಕ್ಕಂಗೂ ಹೇಳು" ಎಂದರು. ಹೋದ ಜೀವ ಬಂದಂತಾಯಿತು. ಸ್ಟೂಲಿನ ಮೇಲೆ ಕೂತು ಅತ್ತೆ, ನಕ್ಕೆ, ಮತ್ತೆ ಅತ್ತೆ. ಕಂಬಳಿ "ಅಯ್ಯೋ, ನಾನೂ ನೋಡ್ಲಿಲ್ವಲ್ಲೇ, ನಂಗೂ ಮುಖದ ತನಕ ಶಾಲಿತ್ತು" ಎಂದು ಪೇಚಾಡಿದಳು. ಆ ಹಾಳೆ ಈಗ ಲ್ಯಾಬಿನ ಗೋಡೆಯ ಮೇಲಿದೆ, ಕೆಳಗೆ ಮೇಡಂ ಕೆಂಪು ಶಾಯಿಯಲ್ಲಿ 'ಟೋಪಿ ತೆಗೆದು ಕೂರಿ' ಎಂದು ಬರೆದಿದ್ದಾರೆ. ಹೆತ್ತ ಮಗಳಿಗೇ ಟೋಪಿ ಹಾಕಿದೆಯಲ್ಲಮ್ಮ ನೀನು.

ಆವತ್ತು ಕತ್ತಲಾದ ಮೇಲೆ ಒಬ್ಬಳೇ ಮೈದಾನ ಎರಡು ಸುತ್ತು ಹಾಕಿದೆ. ಚಳಿಗೆ ಕಿವಿ ಮರಗಟ್ಟಿತ್ತು, ಆದರೂ ಒಳಗೆ ಬರಲು ಮನಸ್ಸಾಗಲಿಲ್ಲ.

ಸಂಜೆಯ ಡ್ರಾಪ್ಸ್ ತಪ್ಪಿಸಬೇಡ. ಅಕ್ಕನನ್ನು ಈ ತಿಂಗಳೇ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗು, ನನ್ನ ಹಾಗೆ ಅವಳೂ ಹಾರಿಸುತ್ತಾಳೆ. ಅಪ್ಪನಿಗೆ ನಮಸ್ಕಾರ. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ, ಟೋಪಿಗಿಂತ ಒಂದಿಷ್ಟು ಮೇಲೆ.

ನಿನ್ನ
ಸಿಡುಕಿ

ತಾ.ಕ.: ಇದನ್ನು ಯಾರಿಗೂ ಓದಿ ಹೇಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪ ಸ್ಪೀಕರಿಗೆ ಹಾಕುತ್ತಾರೆ.

ನಿನ್ನ ಕಾಯಿಲೆ ಗೊತ್ತಾಗುವ ಮುಂಚೆ ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದೆವು: ಸೂಜಿಗೆ ದಾರ ಪೋಣಿಸುತ್ತಾಳೆ, ಪಕ್ಕದ ಸ್ಟೂಲು ಮಾತ್ರ ಕಾಣುವುದಿಲ್ಲವಂತೆ. ಆಗ ನನಗೆ ಹದಿಮೂರು. ಸಂಜೆ ಬಸ್ಸಿಳಿದು ಬರುವಾಗ ನೀನು ನನ್ನ ಮೊಣಕೈ ಹಿಡಿಯುತ್ತಿದ್ದೆ. ಒಂದು ದಿನ ಎದುರಿಗೆ ನನ್ನ ಗೆಳತಿಯರು ಬರುತ್ತಿದ್ದರು. "ನಾನೇನು ಮಗುನಾ? ಬಿಡಮ್ಮ" ಎಂದು ಕೊಸರಿ ಮುಂದೆ ನಡೆದೆ. ನೀನು ಮತ್ತೆ ಹಿಡಿಯಲಿಲ್ಲ. ಮರುವಾರ ನೀನು ಬಸ್ ಸ್ಟಾಪಿನ ಮೆಟ್ಟಿಲ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಚಪ್ಪಲಿಯ ಬಾರು ಕಿತ್ತುಹೋಯಿತೆಂದು ಅಪ್ಪನಿಗೆ ಹೇಳಿದೆ. ಆ ಚಪ್ಪಲಿಯನ್ನು ಒಳಗೆ ತಂದಿಟ್ಟವಳು ನಾನು. ಬಾರು ಗಟ್ಟಿಯಾಗಿಯೇ ಇತ್ತು. ಆರು ವರ್ಷ ನಾನೂ ಬಾಯಿಬಿಡಲಿಲ್ಲ.

ನೀನು ಮಗುವನ್ನು ಹಿಡಿದುಕೊಂಡಿರಲಿಲ್ಲ, ದಾರಿಯನ್ನು ಹಿಡಿದುಕೊಂಡಿದ್ದೆ. ಅದು ನನಗೆ ಈ ಒಂಬತ್ತು ದಿನದಲ್ಲಿ ಗೊತ್ತಾಯಿತು.

ಇಪ್ಪತ್ತರಂದು ಬರುತ್ತಿದ್ದೇನೆ. ಬಸ್ಸು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಅಪ್ಪ ನಿನ್ನನ್ನು ಸ್ಟಾಪಿನವರೆಗೆ ಕರೆತಂದು, ಬ್ಯಾಗು ಎತ್ತಿಕೊಂಡು ಮುಂದೆ ನಡೆಯಲಿ. ನೀನು ನನ್ನ ಮೊಣಕೈ ಹಿಡಿದುಕೋ, ಎದುರಿಗೆ ಯಾರೇ ಬರಲಿ.