ಯಾರ ಗಾಡಿಯ ಗೇರ್‌ಬಾಕ್ಸ್

ಅಪ್ಪಾ,

ನಿಮ್ಮ ಕಾರಿಗೆ ಇವತ್ತು ಬೇರೆ ಗೇರ್‌ಬಾಕ್ಸ್ ಹಾಕಿಸಿದೆ. ಮೊನ್ನೆ ಕಲ್ಲಡ್ಕದ ಹತ್ತಿರ ಎಷ್ಟು ಒತ್ತಿದರೂ ಎಂಜಿನ್ ಕೂಗಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಇಷ್ಟು ಹಳೆಯ ಆಟೋಮ್ಯಾಟಿಕ್‌ಗೆ ಹೊಸದು ಸಿಗುವುದಿಲ್ಲವೆಂದು ಫರಂಗಿಪೇಟೆಯ ಮೆಕ್ಯಾನಿಕ್ ಅಶ್ರಫಾಕ ಗುಜರಿಗೆ ಬಂದ ಕಾರಿನದ್ದು ಬಿಚ್ಚಿಸಿ ತಂದರು.

ಅದನ್ನು ಕೇಳಿದ ಮೇಲೆ ಅಮ್ಮನಿಗೆ ನೆಮ್ಮದಿಯಿಲ್ಲ. "ಆ ಕಾರಲ್ಲಿ ಯಾರಾದ್ರೂ ತೀರಿಹೋಗಿದ್ದಾರಾ ಅಂತ ಕೇಳು ವಿಜೇತಾ. ಹಾಗಿದ್ರೆ ನಾನು ಕೂತ್ಕೊಳ್ಳುವುದಿಲ್ಲ."

ನಾಚಿಕೆಯಿಂದಲೇ ಕೇಳಿದೆ. ಅಶ್ರಫಾಕ ನಗಲಿಲ್ಲ. "ಎಲ್ಲರೂ ಕೇಳ್ತಾರೆ. ಹಿಂದಿನಿಂದ ಲಾರಿ ಗುದ್ದಿದ್ದು, ಯಾರಿಗೂ ಏನೂ ಆಗ್ಲಿಲ್ಲ" ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ, "ನಿಮ್ಮ ಹಳೇದನ್ನು ಪಾರ್ಟ್ಸಿಗೆ ಒಬ್ಬರು ಕೇಳ್ತಾ ಇದ್ದಾರೆ. ನಿಮ್ಮ ಗಾಡಿಯಲ್ಲಿ ಅಂಥದ್ದೇನೂ ಆಗಿಲ್ಲ ಅಲ್ವಾ?" ಎಂದು ಕೇಳಿದರು.

ಅದನ್ನು ಕೊಡುವುದು ಬೇಡ ಎಂದಷ್ಟೇ ಹೇಳಿದೆ.

ನೀವು ಆಸ್ಪತ್ರೆಯ ಹಾಸಿಗೆಯಲ್ಲಿ ಹೋದಿರೆಂದೇ ಅಮ್ಮ ಇವತ್ತಿಗೂ ನಂಬಿದ್ದಾರೆ. ಆಸ್ಪತ್ರೆಗೆ ಹೊರಟು ಪಾಣೆಮಂಗಳೂರು ದಾಟುವಾಗ, ಇದೇ ಕಾರಿನಲ್ಲಿ ನನ್ನ ಪಕ್ಕ ಕೂತಿದ್ದ ನೀವು "ಅವಸರ ಬೇಡ, ನಿಧಾನ ಹೋಗುವ" ಎಂದದ್ದು, ಆಮೇಲೆ ನಾನು ಎಷ್ಟು ಕರೆದರೂ ಮಾತಾಡದೆ ಇದ್ದದ್ದು ನನಗೊಬ್ಬಳಿಗೇ ಗೊತ್ತು.

ಸಂಜೆ ಮನೆಗೆ ಬಂದು, ಆ ಕಾರಲ್ಲಿ ಯಾರಿಗೂ ಏನೂ ಆಗಿಲ್ಲವಂತೆ ಎಂದೆ. ಅಮ್ಮ ನಿರಾಳವಾಗಿ ಬಂದು ಮುಂದೆ, ನಿಮ್ಮ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಏರಿನಲ್ಲಿ ಗೇರ್ ಬದಲಾದಾಗಲೆಲ್ಲ ನಾನು ತಿರುಗಿ ಅಮ್ಮನನ್ನು ನೋಡುತ್ತಿದ್ದೆ.

"ಇನ್ನು ಯಾಕೆ ಹೆದರಿಕೆ? ಕೇಳಿ ಆಯ್ತಲ್ಲ" ಎಂದರು ಅಮ್ಮ, ಸೀಟಿಗೆ ತಲೆಯೊರಗಿಸಿ.