ಹೆಸರು ಬರೆಯದ ಗಿಡಗಳು

ಥಾವರು ಅಣ್ಣಾ,

...ಹಾಗಾಗಿ ನಮ್ಮ ಗಿಡಗಳ ಆ ನೋಟ್‌ಬುಕ್ಕು ಈಗ ನನ್ನ ಹತ್ತಿರ ಇಲ್ಲ. ನಿನ್ನೆ ಇಷ್ಟು ಬರೆದು ಪೆನ್ನು ಕೆಳಗಿಟ್ಟೆ, ಮುಂದಿನದಕ್ಕೆ ಧೈರ್ಯ ಸಾಲಲಿಲ್ಲ. ನಿನಗೆ ಕೊಟ್ಟ ಮಾತು ಮುರಿದಿದ್ದೇನೆ. ಅದನ್ನು ನಿನ್ನ ಮಗಳು ಸೋನಾಳ ಕೈಗೆ ಕೊಟ್ಟುಬಿಟ್ಟೆ.

ಕಮಲಾಪುರದ ನಿಮ್ಮ ತಾಂಡಾದ ಹಿಂದಿನ ಗುಡ್ಡಕ್ಕೆ ನಾವು ಮೊದಲು ಹತ್ತಿದ ದಿನ ನೆನಪಿದೆಯೇ? ನನ್ನ ಹೆಂಡತಿ ಸುಶೀಲಾಳ ಮೊಣಕಾಲಿಗೆ ಕಟ್ಟಲು ಎಲೆ ಬೇಕಿತ್ತು. ಕಲಬುರಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಜಂಬ ನನಗೆ. 'ಲೀವ್ಸ್ ಆಲ್ಟರ್ನೇಟ್, ಸಿಂಪಲ್...' ಎಂದು ಎಲೆಯ ಲಕ್ಷಣ ಹೇಳಲು ಶುರು ಮಾಡಿ, ಮುಂದಿನದು ನೆನಪಾಗದೆ ನಿಂತೆ. ಗಿಡದ ಹೆಸರು ಕೇಳಿದರೆ ನೀನು ತುಟಿಗೆ ಬೆರಳಿಟ್ಟೆ.

"ಹೆಸರ ಹಿಡದ ಕರದ್ರ ಅದಕ್ಕ ತಿಳೀತದ ಮಾಸ್ತರ. ಗುಣ ಎಲ್ಲಾ ಬೇರಿಗಿ ಇಳಿಸ್ಕೊಂಡ ಕುಂದರ್ತದ."

"ಮತ್ತ ನಾ ಹ್ಯಾಂಗ ಬರ್ಕೊಳ್ಳಲಿ?"

"ನಿನ್ನ ಇಂಗ್ಲಿಷ್ ಗಿಡಕ್ಕ ತಿಳಿಯಂಗಿಲ್ಲ. ಅದ್ರಾಗ ಬರಿ."

ಆ ಇಂಗ್ಲಿಷೇ ಎಲ್ಲಿ ಉಳಿದಿತ್ತು? ಜಾಗವನ್ನಷ್ಟೇ ಬರೆದೆ. 'ಹಳ್ಳ ದಾಟಿ ಮೂರನೇ ಕರಿಗಲ್ಲು, ಅದರ ಬೆನ್ನಿಗೆ.' ಪಕ್ಕದಲ್ಲಿ ಒಂದು ಎಲೆ ಒಣಗಿಸಿಟ್ಟೆ. ಹೀಗೆಯೇ ಪುಟಗಟ್ಟಲೆ. ಯಾವುದು ಯಾವ ನೋವಿಗೆ ಎಂದು ಆಮೇಲೆ ಹೇಳುತ್ತೇನೆ ಎಂದಿದ್ದೆ ನೀನು. ಆ ಆಮೇಲೆ ಬರಲೇ ಇಲ್ಲ.

ಸುಶೀಲಾಳ ಹೊಟ್ಟೆನೋವು ಹೆಚ್ಚಾದಾಗಲೂ ಮೊದಲು ನಿನ್ನ ಬಳಿಗೇ ಕರೆತಂದೆ. ನೀನು ಕೈಯಿಟ್ಟು ನೋಡಿ, "ಇದು ನನ್ನ ಕೈಯಾಗಿಂದಲ್ಲ. ಇವತ್ತೇ ದೊಡ್ಡ ದವಾಖಾನಿಗಿ ಒಯ್ಯಿ" ಅಂದೆ. ಅವಳು ಉಳಿಯಲಿಲ್ಲ. ಆದರೂ ಸುಳ್ಳು ಧೈರ್ಯ ಹೇಳದವನು ನೀನೊಬ್ಬನೇ. ಅದಕ್ಕೇ ಕಡೆಗಾಲದಲ್ಲಿ ನೀನು ಕೇಳಿದ್ದಕ್ಕೆಲ್ಲ ಹೂಂ ಎಂದೆ.

"ಈ ಬುಕ್ಕ ನನ್ನ ಮಗ ಕೇಳಿದ್ರ ಕೊಡು. ಸೋನಾಗ ಬ್ಯಾಡ. ಹೆಣ್ಣಿಗಿ ಕೊಟ್ರ ಕೈಗುಣ ಮನಿ ಬಿಟ್ಟ ಹೋಗ್ತದ."

ನೀನು ಹೋದ ಮೇಲೆ ಎರಡು ವರ್ಷ ಕಾದೆ. ಕಪನೂರಿನ ಕಾರ್ಖಾನೆಗೆ ಹೋಗುವ ನಿನ್ನ ಮಗ ಕೇಳಲಿಲ್ಲ. ನಾನಾಗಿ ಒಯ್ದು ಕೊಟ್ಟರೆ, "ನೀವೇ ಇಟ್ಕೋರಿ ಸರ" ಎಂದು ನಕ್ಕ. ನನಗೂ ವಯಸ್ಸಾಯಿತು. ನಾನು ಹೋದರೆ ಅದು ರದ್ದಿ ಅಂಗಡಿಗಲ್ಲದೆ ಇನ್ನೆಲ್ಲಿಗೆ?

ಹೋದ ಸೋಮವಾರ ತಾಂಡಾಕ್ಕೆ ಹೋದೆ. ಗಂಡ ತೀರಿದ ಮೇಲೆ ನಿನ್ನ ಮನೆಗೇ ಬಂದುಳಿದ ಸೋನಾ ಅಂಗಳದಲ್ಲಿದ್ದಳು. ಬುಕ್ಕು ಬಿಚ್ಚಿ ಕೊಟ್ಟರೆ ಅವಳು ನನ್ನ ಅಕ್ಷರ ನೋಡಲೇ ಇಲ್ಲ. ಒಣಗಿದ ಎಲೆಯ ಚೂರನ್ನು ಬೆರಳಲ್ಲಿ ಹುಡಿ ಮಾಡಿ ಮೂಸಿದಳು.

"ಇದು ಸುಟ್ಟ ಗಾಯಕ್ಕ. ಇದು ಬಾಣಂತಿಗಿ. ಇದು ಹೊರಗ ಹಚ್ಚಲಾಕ ಅಷ್ಟೇ, ಬಾಯಾಗ ಇಡಬಾರ್ದು."

"ಯಾರ ಕಲಿಸಿದ್ರವ್ವ ನಿನಗ?"

"ಯಾರ ಕಲಿಸ್ತಾರ್ರಿ? ಬಾಪು ಔಷಧ ಅರದ ಎದ್ದ ಹೋಗ್ತಿದ್ದ, ಆ ಕಲ್ಲ ತೊಳೀತಿದ್ದಾಕಿ ನಾನು. ನೋವಿನವ್ರು ಎದುರಿಗೇ ಕುಂತಿರ್ತಿದ್ರು. ಗುಡ್ಡ ಒಂದ ತೋರಿಸ್ಲಿಲ್ಲ ನೋಡ್ರಿ, ನಮ್ಮಪ್ಪ ಅಂಬಾವ."

ಕೊನೆಯ ಎಲೆಗೆ ಅವಳ ಕೈ ನಿಂತಿತು. "ಇದು ಅಕ್ಕಾವ್ರ ಮೊಣಕಾಲಿಂದಲ್ರಿ?" ಬುಕ್ಕನ್ನು ಅವಳ ಕೈಯಲ್ಲೇ ಬಿಟ್ಟು ಎದ್ದೆ ಅಣ್ಣಾ. ಇಷ್ಟು ವರ್ಷ ನಿನ್ನ ಒಲೆಯ ಪಕ್ಕದಲ್ಲೇ ಇದ್ದಳಲ್ಲ, ನಿನಗೆ ಕಾಣಲಿಲ್ಲವೇ? ಅಥವಾ ಕಂಡೂ...

ನಾಳೆ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೊರಡುತ್ತೇನೆ. ಆ ಮೂರನೇ ಕರಿಗಲ್ಲನ್ನು ಅವಳಿಗೆ ತೋರಿಸುವವನು ನಾನೊಬ್ಬನೇ ಉಳಿದಿರುವುದು. ಜಾಗ ತೋರಿಸುತ್ತೇನೆ, ಗಿಡದ ಹೆಸರು ಕೇಳುವುದಿಲ್ಲ. ನಿನ್ನ ಒಂದು ಮಾತನ್ನಾದರೂ ಉಳಿಸಿಕೊಂಡ ಹಾಗಾಗಲಿ. ಸಿಟ್ಟಿದ್ದರೆ ನನ್ನ ಮೇಲಿರಲಿ, ಅವಳ ಕೈಗುಣದ ಮೇಲೆ ಬೇಡ. ಇನ್ನೂ ಒಂದು ಮಾತು ಹೇಳಬೇಕಿತ್ತು, ಸುಶೀಲಾ ಕೂಡ ನಿನ್ನನ್ನು ನಿಜ ಹೇಳಿದವನೆಂದೇ ನೆನೆಯುತ್ತಿದ್ದಳು...

ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಹೊತ್ತು ಮುಳುಗಿದ ಮೇಲೆ ಗಿಡಗಳು ಮಲಗಿರುತ್ತವೆ, ಮುಟ್ಟಬಾರದು ಎನ್ನುತ್ತಿದ್ದೆಯಲ್ಲ ನೀನು. ಮಲಗಲಿ. ಬೆಳಿಗ್ಗೆ ಅವನ್ನು ಎಬ್ಬಿಸಲು ಸೋನಾ ಬರುತ್ತಾಳೆ.