ಚೀಲದಲ್ಲಿ ಇಲ್ಲದ ಮೀನುಗಳು

ಕಾರ್ಕಳ
೯ ಜುಲೈ ೨೦೨೫

ಪ್ರೀತಿಯ ಸಮೀಕ್ಷಾ,

ನೀನು ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಕಾಗದದಲ್ಲಿ ಉತ್ತರ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ನಾಲ್ಕು ಸಲ ಬರೆದು ಅಳಿಸಿದೆ. ಕಾಪುವಿನ ಕಾಲೇಜಿನಲ್ಲಿ ನೀನು ಗಣಿತ ಉಪನ್ಯಾಸಕಿಯಾದದ್ದು ತಿಳಿದು ಸಂತೋಷವಾಯಿತು. ಈ ಸಂತೋಷ ನಿಜವಾದದ್ದು. ಮುಂದಿನದನ್ನು ಓದುವಾಗ ಇದನ್ನು ನೆನಪಿಟ್ಟುಕೊ.

ಪ್ರಥಮ ಪಿಯುಸಿಯ ಮಕ್ಕಳು ಶೂನ್ಯ ಗಣ ಎಂದರೆ ಒಳಗೆ ಏನೂ ಇಲ್ಲದ ಗಣ ಎಂಬುದನ್ನು ಒಪ್ಪುತ್ತಾರೆ, ಅದು ಎಲ್ಲ ಗಣಗಳ ಉಪಗಣ ಎಂದರೆ ಮಾತ್ರ ಮುಖ ಮುಖ ನೋಡುತ್ತಾರೆ ಎಂದಿದ್ದೀ. "ನೀವು ಆವತ್ತು ಮೀನಿನ ಕತೆ ಹೇಳಿದ್ದಿರಲ್ವಾ ಮೇಡಂ, ಅದು ಪೂರ್ತಿ ನೆನಪಾಗುವುದಿಲ್ಲ" ಎಂದಿದ್ದೀ.

ನನಗೆ ಪೂರ್ತಿ ನೆನಪಿದೆ. ನನ್ನ ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟು, ಇದರೊಳಗಿರುವ ಎಲ್ಲ ಮೀನುಗಳೂ ಕೊಂಕಣಿ ಮಾತಾಡುತ್ತವೆ ಎಂದೆ. ಹಿಂದಿನ ಬೆಂಚಿನಿಂದ ಇವಾನ್, "ಬಂಗುಡೆಯಾ ಮೇಡಂ, ಬೂತಾಯಿಯಾ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಚೀಲ ಕೊಡವಿದೆ. ಕೊಡೆ ಬಿತ್ತು, ಬುತ್ತಿ ಡಬ್ಬಿ ಬಿತ್ತು, ಮೀನಿಲ್ಲ. ನನ್ನ ಮಾತು ಸುಳ್ಳೆಂದು ಸಾಧಿಸಬೇಕಾದರೆ ಕೊಂಕಣಿ ಬಾರದ ಒಂದು ಮೀನನ್ನು ಈ ಚೀಲದಿಂದ ತೆಗೆದು ತೋರಿಸಿ ಎಂದೆ. ಯಾರಿಂದಲೂ ಆಗಲಿಲ್ಲ. ಆದ್ದರಿಂದ ಮಾತು ಸತ್ಯ. ಉಪಗಣದ ಸಂಗತಿಯೂ ಇಷ್ಟೆ. ಶೂನ್ಯ ಗಣದಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ವಸ್ತುವನ್ನು ಯಾರೂ ತೋರಿಸಲಾರರು.

ಆಗ ನೀನು ಎದ್ದು ನಿಂತೆ. "ಹಾಗಾದರೆ ಚೀಲದ ಮೀನುಗಳೆಲ್ಲ ಮೂಕ ಎಂದು ಹೇಳಿದರೂ ಸತ್ಯವೇ ಅಲ್ವಾ ಮೇಡಂ?" ಹೌದು, ಎರಡೂ ಸತ್ಯ, ಆದರೆ ಎರಡರಿಂದಲೂ ಯಾವ ಮೀನಿನ ಬಗ್ಗೆಯೂ ಏನೂ ತಿಳಿಯುವುದಿಲ್ಲ ಎಂದೆ. ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆ ಕೇಳಿದವಳು ನೀನೊಬ್ಬಳೇ.

ಪತ್ರವನ್ನು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಿನ್ನ ಸಂದೇಶದ ಕೊನೆಯಲ್ಲಿ, "ನಿಮ್ಮಿಂದಾಗಿಯೇ ನಾನು ಎಂಎಸ್ಸಿಗೆ ಗಣಿತ ತೆಗೆದುಕೊಂಡದ್ದು" ಎಂದಿದೆ. ಅದರಲ್ಲಿ ಚುಚ್ಚುಮಾತು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಿನಗೆ ಭೌತಶಾಸ್ತ್ರ ಓದಬೇಕೆಂದಿತ್ತು. ಅದನ್ನು ಏಕೆ ಬಿಟ್ಟೆ ಎಂಬುದು ನನಗೆ ಗೊತ್ತು.

ಬಿಎಸ್ಸಿಯ ಕೊನೆಯ ವರ್ಷ ನೀನು ನಾಲ್ಕು ಮಡಿಕೆಯ ಒಂದು ಹಾಳೆ ತಂದುಕೊಟ್ಟೆ. ನಾನಾಗ ಕಾಲೇಜಿನ ದೂರು ಸಮಿತಿಯ ಸಂಚಾಲಕಿ. ಭೌತಶಾಸ್ತ್ರದ ಸರ್ ಪ್ರಾಕ್ಟಿಕಲ್ ರೆಕಾರ್ಡಿಗೆ ಸಹಿ ಬೇಕಾದರೆ ಎಲ್ಲರೂ ಹೋದ ಮೇಲೆ ಬಾ ಎನ್ನುತ್ತಾರೆ, ಹಿಡಿದ ಕೈ ಬಿಡುವುದಿಲ್ಲ ಎಂದು ನೀನು ಬರೆದಿದ್ದೆ. ಅದನ್ನು ಓದಿ ನಾನು ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಗೊತ್ತುಂಟಾ?" ಎಂದು. ಆಮೇಲೆ, "ಇದೆಲ್ಲ ಕಾಗದದಲ್ಲಿ ಇರುವುದು ಬೇಡ ಮಾರಾಯ್ತಿ, ನಾಳೆ ನಿನಗೇ ಕಷ್ಟ. ನಾನು ಅವರ ಹತ್ತಿರ ಮಾತಾಡ್ತೇನೆ. ಇದನ್ನು ಹರಿದು ಹಾಕ್ತೇನೆ, ಆಯ್ತಾ?" ಎಂದೆ. ನೀನು "ಆಯ್ತು ಮೇಡಂ, ಥ್ಯಾಂಕ್ಸ್" ಎಂದು ಹೋದೆ.

ಅವರ ಹತ್ತಿರ ಮಾತಾಡಿದೆ. ಪರೀಕ್ಷೆಯ ವೇಳಾಪಟ್ಟಿಯ ಬಗ್ಗೆ.

ಅದೇ ವರ್ಷ ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು. ಸಮಿತಿಯ ವರದಿಯಲ್ಲಿ ನಾನು ಒಂದೇ ವಾಕ್ಯ ಬರೆದೆ: "ಈ ಸಾಲಿನಲ್ಲಿ ದೂರು ಪೆಟ್ಟಿಗೆಗೆ ಬಂದ ಎಲ್ಲ ದೂರುಗಳನ್ನೂ ಏಳು ದಿನಗಳೊಳಗೆ ಇತ್ಯರ್ಥಪಡಿಸಲಾಗಿದೆ." ಟೈಪು ಮಾಡುತ್ತಿದ್ದ ಆಫೀಸಿನ ಬೆನೆಡಿಕ್ಟಾ ತಲೆಯೆತ್ತಿ, "ಎಷ್ಟು ಬಂದಿದೆ ಮೇಡಂ? ಸಂಖ್ಯೆ ಹಾಕುವುದು ಬೇಡವಾ?" ಎಂದಳು. ಸಂಖ್ಯೆ ಬೇಡ, ವಾಕ್ಯ ಸಾಕು ಎಂದೆ. ಪೆಟ್ಟಿಗೆಗೆ ಒಂದೂ ಬಿದ್ದಿರಲಿಲ್ಲ. ತಂಡದವರು ಆ ವಾಕ್ಯವನ್ನು ಮೆಚ್ಚಿಕೊಂಡರು.

ಬಂದ ದೂರುಗಳನ್ನೆಲ್ಲ ಸುಟ್ಟುಹಾಕಲಾಗಿದೆ ಎಂದು ಬರೆದಿದ್ದರೂ ಅಷ್ಟೇ ಸತ್ಯವಾಗುತ್ತಿತ್ತು. ನೀನು ಎದ್ದು ನಿಂತು ಕೇಳಿದ್ದು ಇದನ್ನೇ ಅಲ್ಲವೇ? ಗಣಿತದ ಶೂನ್ಯ ಗಣವನ್ನು ಯಾರೂ ಖಾಲಿ ಮಾಡಿದ್ದಲ್ಲ. ಈ ಪೆಟ್ಟಿಗೆ ಖಾಲಿ ಉಳಿದದ್ದು, ಅದರೊಳಗೆ ಬೀಳಬೇಕಾಗಿದ್ದ ಒಂದು ಹಾಳೆಯನ್ನು ನಾನು ದಾರಿಯಲ್ಲೇ ತಡೆದದ್ದರಿಂದ. ಪ್ರತಿ ವರ್ಷ ಈಸ್ಟರಿನ ಮೊದಲು ಪಾಪನಿವೇದನೆಗೆ ಹೋಗುತ್ತೇನೆ. ಕೋಪ, ಹೊಟ್ಟೆಕಿಚ್ಚು, ಉದಾಸೀನ, ಎಲ್ಲ ಹೇಳುತ್ತೇನೆ. ಸುಳ್ಳು ಹೇಳಿದ್ದೇನೆ ಎಂದು ಪಾದ್ರಿಗಳ ಮುಂದೆ ಒಮ್ಮೆಯೂ ಹೇಳಲಿಲ್ಲ. ಆ ವಾಕ್ಯ ಸುಳ್ಳಾಗಿರಲಿಲ್ಲವಲ್ಲ.

ಕಳೆದ ವರ್ಷ ನನ್ನ ನಿವೃತ್ತಿಯ ದಿನ ಶಾಲು ಹೊದಿಸಿದವರು, ನೀನು ಯಾರ ಬಗ್ಗೆ ಬರೆದಿದ್ದೆಯೋ ಅವರೇ. ನಾನು ತಲೆ ಬಾಗಿಸಿದೆ. ಈಗ ಅವರು ವಿಭಾಗದ ಮುಖ್ಯಸ್ಥರು. ಪ್ರಾಕ್ಟಿಕಲ್ ತರಗತಿಗಳನ್ನು ಬಿಟ್ಟುಕೊಟ್ಟಿಲ್ಲ.

ನಾನು ಓದುವ ಅನುವಾದಿತ ಕಾದಂಬರಿಗಳಲ್ಲಿ ತಪ್ಪೊಪ್ಪಿಕೊಳ್ಳುವವರು ಪುಟಗಟ್ಟಲೆ ಬರೆದು ಕೊನೆಗೆ ಕ್ಷಮೆ ಕೇಳುತ್ತಾರೆ. ನಾನು ಕೇಳುವುದಿಲ್ಲ. ಕೇಳಿದರೆ ನೀನು "ಆಯ್ತು ಮೇಡಂ" ಎಂದುಬಿಡುತ್ತೀ.

ಮಕ್ಕಳಿಗೆ ಮೀನಿನ ಉದಾಹರಣೆಯನ್ನೇ ಹೇಳು. ಆದರೆ ಚೀಲವನ್ನು ಮೊದಲೇ ಕೊಡವಿಬಿಡಬೇಡ. "ಎಷ್ಟು ಮೀನುಂಟು ಮೇಡಂ?" ಎಂದು ಅವರೇ ಕೇಳುವವರೆಗೆ ಕಾಯಿ. ಬೆನೆಡಿಕ್ಟಾ ಗಣಿತ ಓದಿದವಳಲ್ಲ, ಅವಳಿಗೆ ಅದು ಹೊಳೆದಿತ್ತು.

ನಿನ್ನ ಥ್ಯಾಂಕ್ಸನ್ನು ಇಷ್ಟು ವರ್ಷ ಇಟ್ಟುಕೊಂಡ,
ಗ್ಲ್ಯಾಡಿಸ್

ತಾ.ಕ.: ಹರಿದು ಹಾಕುತ್ತೇನೆ ಎಂದಿದ್ದೆ, ಹರಿಯಲಿಲ್ಲ. ನಿನ್ನ ಹಾಳೆ ಇಷ್ಟು ದಿನ ನನ್ನ ಲಾಗರಿದಮ್ ಪುಸ್ತಕದೊಳಗಿತ್ತು. ಇದರ ಜೊತೆ ಕಳಿಸುತ್ತಿದ್ದೇನೆ. ಇದು ನನ್ನ ಕೈಗೆ ಬಂದ ದಿನವನ್ನೂ, ನಾನು ಪೆಟ್ಟಿಗೆಗೆ ಹಾಕದೆ ಇಟ್ಟುಕೊಂಡೆ ಎಂಬುದನ್ನೂ ಹಿಂಬದಿಯಲ್ಲಿ ಬರೆದು ಪೂರ್ಣ ಸಹಿ ಹಾಕಿದ್ದೇನೆ. ಬೇರೆ ಯಾರಿಗೂ ಕಳಿಸಿಲ್ಲ. ನಿನ್ನ ಪರವಾಗಿ ಒಮ್ಮೆ ನಿರ್ಧಾರ ಮಾಡಿದ್ದೇ ಸಾಕು. ನೀನು ಎಲ್ಲಿಗೆ ಕರೆದರೂ ಬಂದು, ಹಿಂಬದಿಯಲ್ಲಿ ಬರೆದದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ಇಷ್ಟುದ್ದದ ಪತ್ರದಲ್ಲಿ ಅವರ ಹೆಸರನ್ನು ಎಲ್ಲಿಯೂ ಬರೆದಿಲ್ಲ ಎಂಬುದು ಮಡಚುವಾಗ ಗಮನಕ್ಕೆ ಬಂತು. ಅನಂತೇಶ.